ಪಿಟೀಲು ಚೌಡಯ್ಯನವರ ಏಳು ತಂತಿ, ನಮ್ಮ ಒಂದು ಪೆಡಲ್

ಬೆಂಗಳೂರಿನ ವೈಯಾಲಿಕಾವಲ್ ಕಡೆ ಹೋದವರಿಗೆ ಪಿಟೀಲಿನ ಆಕಾರದ ಒಂದು ದೊಡ್ಡ ಕಟ್ಟಡ ಗೊತ್ತಿರುತ್ತೆ. ಚೌಡಯ್ಯ ಮೆಮೋರಿಯಲ್ ಹಾಲ್. ನಮ್ಮ ಕ್ಯಾಂಪಸ್ಸಿನ ಬೆಂಗಳೂರು ಹುಡುಗರಲ್ಲಿ ಬಹಳ ಜನ ಅಲ್ಲಿ ನಾಟಕ ನೋಡಿದ್ದಾರೆ, ಕೆಲವರು ಸ್ಕೂಲ್ ಡೇ ಡ್ಯಾನ್ಸನ್ನೂ ಮಾಡಿದ್ದಾರೆ. ಆದರೆ ಆ ಚೌಡಯ್ಯ ಯಾರು ಅಂತ ಕೇಳಿದರೆ, ಯಾರೋ ಹಳೇ ಕಾಲದ ಸಂಗೀತಗಾರರು ಇರಬೇಕು ಅಂತ ಹೇಳಿ ಮಾತು ಮುಗಿಸ್ತಾರೆ. ನಮ್ಮ ಕಡೆಯವರು, ಮೈಸೂರು ಜಿಲ್ಲೆಯವರೇ, ಅನ್ನೋದು ಮೈಸೂರಲ್ಲಿ ಓದೋ ನಮಗೇ ಎಷ್ಟು ಜನಕ್ಕೆ ಗೊತ್ತು?

ಈ ಲೇಖನ ಅವರ ಬಗ್ಗೆ. ಮಧ್ಯೆ ಮಧ್ಯೆ ಒಂದು ಗಿಟಾರ್ ಪೆಡಲ್ ಬಗ್ಗೆಯೂ ಬರುತ್ತೆ, ಯಾಕಂದ್ರೆ ನಮ್ಮ ಬ್ಯಾಂಡ್‌ಗೆ ಒಂದು ಸರಳವಾದ ಮಲ್ಟಿ ಎಫೆಕ್ಟ್ಸ್ ಯೂನಿಟ್ ತಗೊಳ್ಳೋಣ ಅಂತ ಈ ಸೆಮಿಸ್ಟರ್ ಪೂರ್ತಿ ಜಗಳ ಆಡಿದ್ದೀವಿ. ಆ ಜಗಳದ ನಡುವೆ ನಮಗೆ ಸಿಕ್ಕವರು ಚೌಡಯ್ಯನವರು. ತಮ್ಮ ವಾದ್ಯದ ದನಿ ಕೊನೇ ಸಾಲಿನ ಮನುಷ್ಯನಿಗೆ ಕೇಳಿಸ್ತಿಲ್ಲ ಅನ್ನೋ ಒಂದೇ ಒಂದು ಸಮಸ್ಯೆ ಇಟ್ಟುಕೊಂಡು, ಕರೆಂಟು ಮುಟ್ಟದೆ, ವಾದ್ಯವನ್ನೇ ಬದಲಾಯಿಸಿದವರು ಅವರು.

ತಿರುಮಕೂಡಲು ಟಿ. ನರಸೀಪುರಕ್ಕೆ ಅಂಟಿಕೊಂಡೇ ಇರೋ ಊರು. ಕಾವೇರಿ, ಕಪಿಲೆ ಸೇರೋ ಜಾಗ, ಕಣ್ಣಿಗೆ ಕಾಣದ ಸ್ಫಟಿಕ ಸರೋವರವೂ ಅಲ್ಲಿ ಸೇರುತ್ತೆ ಅನ್ನೋ ನಂಬಿಕೆಯಿಂದ ಅದು ತ್ರಿವೇಣಿ ಸಂಗಮ. ಅಗಸ್ತ್ಯೇಶ್ವರನ ಗುಡಿ ಇರೋದು ಅಲ್ಲೇ. ಚೌಡಯ್ಯ ಹುಟ್ಟಿದ್ದು ಆ ಊರಲ್ಲಿ, 1895ರ ಜನವರಿ 1ರಂದು. ತಂದೆಯ ಹೆಸರು ಅಗಸ್ತ್ಯೇಗೌಡ, ತಾಯಿ ಸುಂದರಮ್ಮ. ತಂದೆಯ ಹೆಸರಲ್ಲೇ ಊರ ದೇವರಿದ್ದಾನೆ, ಮಗನ ಹೆಸರಿನ ಹಿಂದಿರೋ ಟಿ ಅಕ್ಷರದಲ್ಲಿ ಊರೇ ಇದೆ. ಮುಂದೆ ಅವರು ಕೃತಿಗಳನ್ನ ರಚಿಸಿದಾಗ ಇಟ್ಟುಕೊಂಡ ಅಂಕಿತವೂ ತ್ರಿಮಕುಟ. ಊರನ್ನ ಇಷ್ಟು ಜೊತೇಲಿ ಇಟ್ಟುಕೊಂಡು ಓಡಾಡಿದವರು ಕಡಿಮೆ.

ಅವರು ಹಿಡಿದ ವಾದ್ಯದ ಬಗ್ಗೆ ಒಂದು ಮಾತು ಹೇಳಲೇಬೇಕು. ಗಿಟಾರ್ ನಮ್ಮದಲ್ಲ, ವಿದೇಶಿ ವಾದ್ಯ, ಅದನ್ನ ಹಿಡ್ಕೊಂಡು ಕನ್ನಡ ಸಂಘದಲ್ಲಿ ಏನ್ರಪ್ಪಾ ಕೆಲಸ ಅಂತ ನಮ್ಮನ್ನ ರೇಗಿಸೋರು ಇದ್ದಾರೆ. ಪಿಟೀಲೂ ಯುರೋಪಿನಿಂದ ಬಂದದ್ದೇ ಸ್ವಾಮಿ. ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು ಹತ್ತೊಂಬತ್ತನೇ ಶತಮಾನದ ಶುರುವಿನಲ್ಲಿ ಅದನ್ನ ಕಲಿತು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದರು. ನಿಂತು ಗದ್ದಕ್ಕೆ ಒತ್ತಿ ಹಿಡಿಯೋ ವಾದ್ಯವನ್ನ ನಮ್ಮವರು ಕೂತು ನುಡಿಸೋಕೆ ಶುರು ಮಾಡಿದರು, ತಲೆಭಾಗವನ್ನ ಕಾಲಿನ ಹಿಮ್ಮಡಿ ಹತ್ತಿರ ಊರಿಕೊಂಡರು. ಹೀಗೆ ಊರಿದ್ದರಿಂದ ಎಡಗೈಗೆ ವಾದ್ಯ ಹೊರೋ ಕೆಲಸ ತಪ್ಪಿತು, ಗಮಕಕ್ಕೆ ಕೈ ಬೇಕಾದ ಹಾಗೆ ಜಾರೋಕೆ ಬಂತು. ತಂತಿಗಳ ಶ್ರುತಿಯನ್ನೂ ಷಡ್ಜ ಪಂಚಮ, ಷಡ್ಜ ಪಂಚಮ ಅಂತ ಬದಲಾಯಿಸಿಕೊಂಡರು. ಅಂದ್ರೆ ಚೌಡಯ್ಯ ಹುಟ್ಟೋ ಹೊತ್ತಿಗೇ ಪಿಟೀಲು ಒಂದು ಸಲ ಪೂರ್ತಿ ಮಾಡಿಫೈ ಆಗಿತ್ತು. ಅವರು ಮಾಡಿದ್ದು ಎರಡನೇ ಸುತ್ತು.

1910ರಲ್ಲಿ, ಹದಿನೈದರ ವಯಸ್ಸಲ್ಲಿ, ಅವರು ಮೈಸೂರಿನ ಬಿಡಾರಂ ಕೃಷ್ಣಪ್ಪನವರ ಶಿಷ್ಯರಾದರು. ನಾವು ಆ ವಯಸ್ಸಲ್ಲಿ ಎಸ್ಸೆಸ್ಸೆಲ್ಸಿ ಟ್ಯೂಷನ್ನಿಗೆ ಸೇರಿದ್ವಿ. ಕೃಷ್ಣಪ್ಪನವರು ಉಡುಪಿ ಕಡೆಯ ನಂದಳಿಕೆಯವರು, ಹುಟ್ಟಿದ್ದು 1866ರಲ್ಲಿ. ಬಡತನದಿಂದ ಎದ್ದು ಬಂದು ಮೈಸೂರು ಆಸ್ಥಾನದ ವಿದ್ವಾಂಸರಾದವರು. ಕಚೇರಿಯಲ್ಲಿ ಸಂಪಾದಿಸಿದ ಹಣದಲ್ಲಿ ಮೈಸೂರಿನಲ್ಲಿ ರಾಮಮಂದಿರ ಕಟ್ಟಿಸಿದರು, ಅದು ಈಗಲೂ ಇದೆ, ಅಲ್ಲಿ ಸಂಗೀತ ನಡೆಯುತ್ತೆ. ಶಿಸ್ತಿನ ವಿಷಯದಲ್ಲಿ ಅವರ ಹೆಸರು ಹೇಳಿದರೆ ಶಿಷ್ಯರು ನಡುಗ್ತಿದ್ದ ಕಾಲ ಅದು. 1918ರವರೆಗೆ, ಎಂಟು ವರ್ಷ, ಚೌಡಯ್ಯ ಅವರ ಕೈಕೆಳಗೆ ಕಲಿತರು. ನಮ್ಮ ಬಿಇ ನಾಲ್ಕು ವರ್ಷ. ಎರಡು ಬಿಇ ಅನ್ಕೊಳ್ಳಿ, ಸಪ್ಲಿಮೆಂಟರಿ ಇಲ್ಲದೆ.

ಇಲ್ಲಿ ನಮಗೆ ಬಹಳ ಮುಖ್ಯ ಅನಿಸಿದ ವಿಷಯ ಬೇರೆ. ಬಿಡಾರಂ ಕೃಷ್ಣಪ್ಪನವರು ಹಾಡುಗಾರರು. ಪಿಟೀಲು ಕಲಿಯೋ ಹುಡುಗ ಹೋಗಿ ಸೇರಿದ್ದು ಹಾಡೋರ ಹತ್ತಿರ. ಹಾಗಾಗಿ ಅವರ ಕಿವಿ ತಯಾರಾಗಿದ್ದು ಗಂಟಲಿನ ಸಂಗೀತಕ್ಕೆ. ಹಾಡೋರು ಉಸಿರು ಎಲ್ಲಿ ತಗೋತಾರೆ, ಸಾಹಿತ್ಯದ ಅಕ್ಷರ ಎಲ್ಲಿ ಬೀಳುತ್ತೆ, ಸ್ವರ ಎಲ್ಲಿ ತೂಗುತ್ತೆ, ಇದನ್ನೆಲ್ಲ ಕಮಾನಿನಲ್ಲಿ ತೋರಿಸೋಕೆ ಅವರು ಕಲಿತರು. ಗುರುಗಳ ಕಚೇರಿಗಳಲ್ಲೇ ಪಕ್ಕವಾದ್ಯಕ್ಕೆ ಕೂತರು.

ಪಕ್ಕವಾದ್ಯ ಅಂದ್ರೆ ಏನು ಅಂತ ನಮ್ಮ ತರಹ ಇಂಗ್ಲಿಷ್ ಮೀಡಿಯಂನಿಂದ ಬಂದೋರಿಗೆ ಸ್ವಲ್ಪ ಹೇಳಬೇಕು. ಬ್ಯಾಂಡಿನ ರಿದಮ್ ಗಿಟಾರ್ ತರಹ ಅಲ್ಲ. ಹಾಡೋರು ರಾಗಾಲಾಪನೆ ಮಾಡ್ತಾ ಹೋದ ಹಾಗೆ ಪಿಟೀಲು ಕ್ಷಣಾರ್ಧ ಹಿಂದೆ ನೆರಳಿನ ಹಾಗೆ ಬರಬೇಕು. ಮುಂದೇನು ಹಾಡ್ತಾರೆ ಅಂತ ಯಾರಿಗೂ ಗೊತ್ತಿರಲ್ಲ, ಬರೆದ ನೋಟೇಶನ್ ಇರಲ್ಲ. ಅವರು ನಿಲ್ಲಿಸಿದಾಗ ಪಿಟೀಲಿನವರ ಸರದಿ, ಆಗ ಅದೇ ರಾಗವನ್ನ ತಮ್ಮದೇ ರೀತಿಯಲ್ಲಿ ನುಡಿಸಬೇಕು. ಹೆಚ್ಚು ನುಡಿಸಿದರೆ ಹಾಡೋರಿಗೆ ಕೋಪ, ಕಡಿಮೆ ನುಡಿಸಿದರೆ ಸಭೆಗೆ ಬೇಜಾರು.

ಇಷ್ಟೆಲ್ಲ ಮಾಡಿದರೂ ಅದು ಕೇಳಿಸಬೇಕಲ್ಲ.

1920ರ ದಶಕದ ಕಚೇರಿಯನ್ನ ಮನಸ್ಸಿನಲ್ಲಿ ತಂದುಕೊಳ್ಳಿ. ಮೈಕ್ ಇಲ್ಲ, ಸ್ಪೀಕರ್ ಇಲ್ಲ. ಮದುವೆ ಚಪ್ಪರ, ಗುಡಿಯ ಅಂಗಳ, ರಾಮನವಮಿಯ ಪೆಂಡಾಲು. ನೂರಾರು ಜನ, ಕೆಲವು ಸಲ ಅದಕ್ಕೂ ಹೆಚ್ಚು. ಹಾಡೋರೆಲ್ಲ ಆ ಕಾಲಕ್ಕೆ ತಕ್ಕ ಹಾಗೆ ಗಂಟಲು ಬೆಳೆಸಿಕೊಂಡಿದ್ದರು, ಎತ್ತರದ ಶ್ರುತಿಯಲ್ಲಿ, ಎದೆ ತುಂಬಿ ಹಾಡ್ತಿದ್ದರು. ಮೃದಂಗ ಚರ್ಮವಾದ್ಯ, ಹೊಡೆದರೆ ಕೇಳಿಸುತ್ತೆ. ಇವರಿಬ್ಬರ ನಡುವೆ ಮರದ ಚಿಕ್ಕ ಡಬ್ಬಿಯ ಮೇಲೆ ನಾಲ್ಕು ತಂತಿ, ಕುದುರೆ ಕೂದಲಿನ ಕಮಾನು. ಮುಂದಿನ ಸಾಲಿನ ರಸಿಕರು ತಲೆದೂಗ್ತಿದ್ದಾಗ ಕೊನೇ ಸಾಲಿನವನು ಕಮಾನು ಆಡೋದನ್ನ ನೋಡ್ತಾ ಕೂತಿರ್ತಿದ್ದ.

ಈಗಿನ ಸ್ಥಿತಿ ಹೇಗಿದೆ ಅಂತ ನೋಡೋಕೆ ವೀರನಹೊಸಹಳ್ಳಿಗೆ ಹೋಗಿ. ನಮ್ಮ ಬ್ಯಾಂಡಿನ ಗಿಟಾರ್ ಹುಡುಗನ ಊರು ಅದು. ಹುಣಸೂರಿನಿಂದ ನಾಗರಹೊಳೆ ರಸ್ತೆಯಲ್ಲಿ, ಕಾಡು ಶುರುವಾಗೋ ಜಾಗದಲ್ಲಿದೆ. ಪ್ರತಿ ವರ್ಷ ಮೈಸೂರು ದಸರಾದ ಗಜಪಯಣ ಹೊರಡೋದು ಅಲ್ಲಿಂದಲೇ. ಆನೆಗಳಿಗೆ ಪೂಜೆ ಮಾಡಿ, ಕಬ್ಬು ಬೆಲ್ಲ ಕೊಟ್ಟು ಕಳಿಸ್ತಾರೆ. ಮೊದಲು ನಡೆದೇ ಮೈಸೂರಿಗೆ ಬರ್ತಿದ್ದ ಆನೆಗಳು ಈಗ ಲಾರಿ ಹತ್ತಿ ಬರ್ತವೆ. ಅವತ್ತು ಅಲ್ಲಿ ವೇದಿಕೆ ಇರುತ್ತೆ, ಭಾಷಣ ಇರುತ್ತೆ, ಜನಪದ ಕಲಾತಂಡಗಳ ವಾದ್ಯ ಇರುತ್ತೆ, ಎಲ್ಲವೂ ಸ್ಪೀಕರಿನಲ್ಲಿ ಕಾಡಿನ ಒಳಗಿನವರೆಗೂ ಹೋಗುತ್ತೆ. ಕೊನೇ ಸಾಲು ಅನ್ನೋ ಸಮಸ್ಯೆಯೇ ಈಗಿಲ್ಲ. ಸಮಸ್ಯೆ ಬೇರೆ ರೂಪ ತಗೊಂಡಿದೆ, ಅದಕ್ಕೆ ಆಮೇಲೆ ಬರ್ತೀವಿ.

ಚೌಡಯ್ಯನವರು ಯೋಚನೆ ಮಾಡಿದ್ದು ಎಂಜಿನಿಯರ್ ಹಾಗೆ, ನಮಗೆ ಹಾಗನಿಸುತ್ತೆ. ಕಮಾನನ್ನ ಇನ್ನೂ ಒತ್ತಿದರೆ ದನಿ ಜಾಸ್ತಿ ಆಗುತ್ತೆ, ಆದರೆ ಒಂದು ಮಿತಿ ದಾಟಿದರೆ ತಂತಿ ಕಿರುಚುತ್ತೆ. ಪಿಟೀಲನ್ನ ದೊಡ್ಡದು ಮಾಡಿದರೆ ಅದು ಬೇರೆ ವಾದ್ಯವೇ ಆಗುತ್ತೆ. ಉಳಿದದ್ದು ತಂತಿ. 1927ರ ಸುಮಾರಿಗೆ ಅವರು ಇದ್ದ ನಾಲ್ಕು ತಂತಿಗೆ ಇನ್ನೂ ಮೂರು ಸೇರಿಸಿದರು. ಹೊಸ ತಂತಿಗಳು ಹಳೇ ತಂತಿಗಳ ಜೊತೆಗಾರರು. ಜೋಡಿ ತಂತಿಗಳು ಪಕ್ಕಪಕ್ಕದಲ್ಲಿದ್ದರೆ ಬೆರಳು ಎರಡನ್ನೂ ಒಟ್ಟಿಗೆ ಒತ್ತುತ್ತೆ, ಕಮಾನು ಎರಡನ್ನೂ ಒಟ್ಟಿಗೆ ಎಳೆಯುತ್ತೆ. ಒಂದು ದನಿ ಇದ್ದ ಕಡೆ ಎರಡು.

ಹನ್ನೆರಡು ತಂತಿಯ ಗಿಟಾರ್ ನೋಡಿದವರಿಗೆ ಇದು ತಕ್ಷಣ ಅರ್ಥವಾಗುತ್ತೆ. ಅಲ್ಲೂ ತಂತಿಗಳು ಜೋಡಿಯಾಗಿರ್ತವೆ. ಮೇಲಿನ ಸ್ವರದ ಎರಡು ಜೋಡಿಗಳು ಒಂದೇ ಸ್ವರಕ್ಕೆ, ಕೆಳಗಿನ ನಾಲ್ಕು ಜೋಡಿಗಳು ಒಂದು ಸ್ಥಾಯಿ ಅಂತರದಲ್ಲಿ. ಆ ತುಂಬಿದ ದನಿ ಬರೋದು ಅದರಿಂದಲೇ. ಆದರೆ ಗಿಟಾರಿನಲ್ಲಿ ಫ್ರೆಟ್ ಇದೆ, ಬೆರಳು ಸುಮಾರಾಗಿ ಇಟ್ಟರೂ ಸ್ವರ ಸರಿ ಬರುತ್ತೆ. ಪಿಟೀಲಿನಲ್ಲಿ ಫ್ರೆಟ್ ಇಲ್ಲ. ಜೊತೆಗೆ ನಮ್ಮದು ಗಮಕದ ಸಂಗೀತ, ಸ್ವರ ಒಂದು ಕಡೆ ನಿಲ್ಲಲ್ಲ, ತೂಗ್ತಾ ಜಾರ್ತಾ ಇರುತ್ತೆ. ಒಂದು ಬೆರಳಿನ ಕೆಳಗೆ ಎರಡು ತಂತಿ ಇಟ್ಟುಕೊಂಡು ಅಷ್ಟೂ ಜಾರುವಿಕೆಯಲ್ಲಿ ಎರಡೂ ಒಂದೇ ಶ್ರುತಿಯಲ್ಲಿರಬೇಕು. ಒಂದು 240 ಹರ್ಟ್ಜ್‌ನಲ್ಲಿ, ಇನ್ನೊಂದು 242ರಲ್ಲಿ ಇದ್ದರೆ ಸೆಕೆಂಡಿಗೆ ಎರಡು ಸಲ ದನಿ ಏರಿಳಿಯೋದು ಕೇಳುತ್ತೆ. ಫಸ್ಟ್ ಇಯರ್ ಫಿಸಿಕ್ಸಿನ ಬೀಟ್ಸ್, ಅಷ್ಟೇ. ಲ್ಯಾಬಿನಲ್ಲಿ ಟ್ಯೂನಿಂಗ್ ಫೋರ್ಕ್ ಹಿಡಿದು ನೋಡಿದ್ದನ್ನ ಅವರು ಸಭೆಯ ಮುಂದೆ, ಹಾಡೋರ ಹಿಂದೆ ಓಡ್ತಾ ಓಡ್ತಾ ನಿಭಾಯಿಸಬೇಕಿತ್ತು.

ಇನ್ನೊಂದು ಲೆಕ್ಕವನ್ನ ನಮ್ಮ ಇಸಿ ಬ್ರಾಂಚಿನವನು ಹಾಕಿ ತೋರಿಸಿದ. ಒಂದೇ ಜೋರಿನ ಎರಡು ದನಿ ಸೇರಿದರೆ ಹೆಚ್ಚೋದು ಸುಮಾರು 3 ಡೆಸಿಬೆಲ್. ಕಿವಿಗೆ ಎರಡು ಪಟ್ಟು ಜೋರು ಅನಿಸೋಕೆ ಸುಮಾರು 10 ಡೆಸಿಬೆಲ್ ಬೇಕು. ಅಂದ್ರೆ ತಂತಿ ಎರಡು ಮಾಡಿದ ತಕ್ಷಣ ದನಿ ಎರಡರಷ್ಟಾಗಲ್ಲ. ಹಾಗಾದ್ರೆ ಚೌಡಯ್ಯನವರ ಪಿಟೀಲು ಅಷ್ಟು ದೂರ ಹೋಗ್ತಿತ್ತು ಅಂತ ಎಲ್ಲರೂ ಯಾಕೆ ಬರೆದಿದ್ದಾರೆ? ಉತ್ತರ ಕಮಾನಿನಲ್ಲಿದೆ ಅಂತ ನಮ್ಮ ಅಂದಾಜು. ಉದ್ದ ಕಮಾನು, ಭಾರೀ ಕಮಾನು ಅಂತ ಹೆಸರಾದವರು ಅವರು. ಒಂದು ತಂತಿಯ ಮೇಲೆ ಹಾಕಿದರೆ ಕಿರುಚೋ ಅಷ್ಟು ಒತ್ತಡವನ್ನ ಎರಡು ತಂತಿ ಹಂಚಿಕೊಂಡಾಗ ಬಲಗೈಯ ಬಲವನ್ನ ಪೂರ್ತಿ ಬಳಸೋಕೆ ಆಗುತ್ತೆ. ಮೂರು ತಂತಿಯ ನಿಜವಾದ ಲಾಭ ಇದೇ ಇರಬೇಕು. ಕೈ ಇಲ್ಲದವನಿಗೆ ಏಳು ತಂತಿ ಕೊಟ್ಟರೆ ಟ್ಯೂನ್ ಮಾಡೋದ್ರಲ್ಲೇ ಕಚೇರಿ ಮುಗಿಯುತ್ತೆ.

ಬೆಲೆಯೂ ಸಣ್ಣದಲ್ಲ. ಮಾಮೂಲಿ ಪಿಟೀಲಿನ ನಾಲ್ಕು ತಂತಿ ಪಾಶ್ಚಾತ್ಯ ಶ್ರುತಿಯಲ್ಲಿ ಎಳೆಯೋ ಬಿಗಿತವೇ ಒಟ್ಟು 20 ಕೆಜಿ ದಾಟುತ್ತೆ. ನಮ್ಮ ಶ್ರುತಿ ಅದಕ್ಕಿಂತ ಕೆಳಗಿರೋದ್ರಿಂದ ಸ್ವಲ್ಪ ಕಡಿಮೆ ಇರಬಹುದು, ಆದರೂ ಮೂರು ತಂತಿ ಸೇರಿದಾಗ ಆ ಹೊರೆ ತೆಳು ಮರದ ಹಲಗೆಯ ಮೇಲೆ ಬೀಳುತ್ತೆ. ತಲೆಭಾಗದಲ್ಲಿ ಏಳು ಬಿರಡೆಗೆ ಜಾಗ ಬೇಕು. ಕುದುರೆಯ ಮೇಲೆ ಏಳು ಗೀರು ಬೇಕು, ಅದೂ ಕಮಾನು ಬೇಡದ ತಂತಿಗೆ ತಾಗದ ಹಾಗೆ. ಒಂದು ತಂತಿ ಹರಿದರೆ ಉಳಿದ ಆರರ ಶ್ರುತಿಯೂ ಅಲ್ಲಾಡುತ್ತೆ.

ಇಷ್ಟೂ ಕಷ್ಟವನ್ನ ಅವರು ಒಪ್ಪಿಕೊಂಡರು. ಸಂಪ್ರದಾಯದವರಿಗೆ ಇದು ಸಲೀಸಾಗಿ ಒಪ್ಪಿಗೆಯಾಗಲಿಲ್ಲ. ನಾಲ್ಕು ತಂತಿಯ ಶುದ್ಧ, ತೆಳುವಾದ ದನಿಯೇ ಪಿಟೀಲಿನ ಗುಣ, ಜೋಡಿ ತಂತಿಯಲ್ಲಿ ಆ ನುಣುಪು ಹೋಗುತ್ತೆ ಅನ್ನೋದು ಒಂದು ಪಕ್ಷ. ಅದರಲ್ಲಿ ಸತ್ಯ ಇಲ್ಲ ಅಂತ ನಾವು ಹೇಳಲ್ಲ. ಅದೇ ಕಾಲದಲ್ಲಿ ದ್ವಾರಂ ವೆಂಕಟಸ್ವಾಮಿ ನಾಯ್ಡು ಇದ್ದರು, ಕುಂಭಕೋಣಂ ರಾಜಮಾಣಿಕ್ಯಂ ಪಿಳ್ಳೆ ಇದ್ದರು. ಇಬ್ಬರೂ ನಾಲ್ಕೇ ತಂತಿಯಲ್ಲಿ ದೊಡ್ಡವರಾದರು. ಈ ಮೂವರನ್ನ ಆ ಕಾಲದ ಪಿಟೀಲಿನ ತ್ರಿಮೂರ್ತಿಗಳು ಅಂತ ಈಗಲೂ ಒಟ್ಟಿಗೆ ಹೆಸರಿಸ್ತಾರೆ. ಒಂದೇ ಸಮಸ್ಯೆ, ಮೂರು ಕೈ, ಮೂರು ದಾರಿ. ಏಳು ತಂತಿ ಇಲ್ಲದಿದ್ದರೆ ಗತಿಯೇ ಇರಲಿಲ್ಲ ಅಂತೇನಿಲ್ಲ. ಚೌಡಯ್ಯನವರ ಕೈಗೆ, ಅವರ ಕಿವಿಗೆ ಬೇಕಾದ ದನಿ ಅದರಲ್ಲಿತ್ತು.

ಆ ದನಿ ಎಲ್ಲಿ ಸರಿಯಾಗಿ ಕೂತಿತು ಅಂದ್ರೆ ಚೆಂಬೈ ವೈದ್ಯನಾಥ ಭಾಗವತರ ಪಕ್ಕದಲ್ಲಿ. ಪಾಲಕ್ಕಾಡಿನ ಚೆಂಬೈ ಊರಿನ ಭಾಗವತರದು ಗಂಟೆ ಹೊಡೆದ ಹಾಗಿನ ಕಂಠ. ಚೌಡಯ್ಯನವರಿಗಿಂತ ಒಂದು ವರ್ಷ ಚಿಕ್ಕವರು. ಅಂಥ ಕಂಠದ ಪಕ್ಕ ತೆಳು ದನಿ ಕಳೆದೇ ಹೋಗುತ್ತೆ. ಇಬ್ಬರ ಜೋಡಿ ಎಷ್ಟೋ ವರ್ಷ ಊರೂರು ಸುತ್ತಿತು. ಅರಿಯಕುಡಿ ರಾಮಾನುಜ ಅಯ್ಯಂಗಾರ್ ಅವರಿಗೂ ನುಡಿಸಿದರು, ಆಗಿನ ದೊಡ್ಡ ಹೆಸರುಗಳಲ್ಲಿ ಬಹುತೇಕ ಎಲ್ಲರಿಗೂ ನುಡಿಸಿದರು. ಟಿ. ನರಸೀಪುರದ ಕಡೆಯ ಗೌಡರ ಮಗ ಮದರಾಸಿನ ವೇದಿಕೆಗಳಲ್ಲಿ ಬೇಕೇ ಬೇಕಾದ ಪಕ್ಕವಾದ್ಯದವರಾದರು. ಈ ಸಾಲನ್ನ ಬರೆಯೋದು ಸುಲಭ, ಆ ಕಾಲದಲ್ಲಿ ಅದು ಆಗೋದು ಸುಲಭ ಇರಲಿಲ್ಲ ಅಂತ ಮಾತ್ರ ಹೇಳಿ ಮುಂದೆ ಹೋಗ್ತೀವಿ.

ಈಗ ನಮ್ಮ ಪೆಡಲ್. ಮಲ್ಟಿ ಎಫೆಕ್ಟ್ಸ್ ಯೂನಿಟ್ಟಿನಲ್ಲಿ ಕೋರಸ್ ಅಂತ ಒಂದು ಎಫೆಕ್ಟ್ ಇರುತ್ತಲ್ಲ, ಅದು ಮಾಡೋದು ಏನು? ಗಿಟಾರಿನ ದನಿಯ ಒಂದು ನಕಲು ತೆಗೆದು, ಕೆಲವು ಮಿಲಿಸೆಕೆಂಡ್ ತಡ ಮಾಡಿ, ಆ ತಡವನ್ನ ಸ್ವಲ್ಪ ಸ್ವಲ್ಪ ಹೆಚ್ಚು ಕಮ್ಮಿ ಮಾಡ್ತಾ, ಮೂಲದ ಜೊತೆ ಸೇರಿಸುತ್ತೆ. ಹಾಗಾಗಿ ಶ್ರುತಿ ಚೂರು ಚೂರು ಅಲ್ಲಾಡುತ್ತೆ, ಒಬ್ಬನೇ ನುಡಿಸಿದರೂ ಇಬ್ಬರು ನುಡಿಸಿದ ಹಾಗೆ ಕೇಳುತ್ತೆ. ಆಕ್ಟೇವ್ ಎಫೆಕ್ಟ್ ಒಂದು ಸ್ಥಾಯಿ ಮೇಲೆ ಅಥವಾ ಕೆಳಗೆ ಇನ್ನೊಂದು ದನಿ ಸೇರಿಸುತ್ತೆ. ಚೌಡಯ್ಯನವರು ಮರ, ಬಿರಡೆ, ತಂತಿಯಲ್ಲಿ ಮಾಡಿದ ಕೆಲಸದ ಹತ್ತಿರದ ಸಂಬಂಧಿಗಳು ಇವು. ಇದು ಗೊತ್ತಾದ ಮೇಲೆ ನಮ್ಮ ಜಗಳದ ದಾರಿ ಬದಲಾಯಿತು. ಅಲ್ಲಿವರೆಗೆ ಯಾವ ಯೂನಿಟ್ಟಿನಲ್ಲಿ ಎಷ್ಟು ಎಫೆಕ್ಟ್ ಇದೆ ಅಂತ ಎಣಿಸ್ತಿದ್ವಿ. ಆಮೇಲೆ ನಮ್ಮ ಕೊನೇ ಸಾಲು ಯಾವುದು ಅಂತ ಕೇಳಿಕೊಂಡ್ವಿ.

ನಮ್ಮ ಕೊನೇ ಸಾಲು ಇದು. ಕಾಲೇಜ್ ಫೆಸ್ಟ್ ಬಿಟ್ಟರೆ ನಾವು ನುಡಿಸೋದು ಗಣೇಶನ ಪೆಂಡಾಲ್, ರಾಜ್ಯೋತ್ಸವ, ವೀರನಹೊಸಹಳ್ಳಿಯಂಥ ಊರುಗಳ ವೇದಿಕೆ. ಅಲ್ಲಿ ಸೌಂಡ್ ಅಣ್ಣನ ಹತ್ತಿರ ಮಿಕ್ಸರ್ ಇರುತ್ತೆ, ದೊಡ್ಡ ಸ್ಪೀಕರ್ ಇರುತ್ತೆ, ಗಿಟಾರ್ ಆಂಪ್ ಇರಲ್ಲ. ಎಲೆಕ್ಟ್ರಿಕ್ ಗಿಟಾರನ್ನ ಡಿಸ್ಟಾರ್ಷನ್ ಹಾಕಿ ನೇರ ಮಿಕ್ಸರಿಗೆ ಚುಚ್ಚಿದರೆ ದನಿ ಜೇನುಹುಳ ಡಬ್ಬಿಯಲ್ಲಿ ಸಿಕ್ಕ ಹಾಗೆ ಗುಂಯ್ ಅನ್ನುತ್ತೆ. ಗಿಟಾರ್ ಆಂಪಿನ ಸ್ಪೀಕರ್ ಮೇಲಿನ ಕಿರುಚು ದನಿಗಳನ್ನ ತಾನೇ ಕಡಿದು ಹಾಕುತ್ತೆ, ಪೆಂಡಾಲಿನ ಸ್ಪೀಕರ್ ಹಾಗೆ ಮಾಡಲ್ಲ. ಆದ್ದರಿಂದ ನಮಗೆ ಮೊದಲು ಬೇಕಾದ್ದು ಆಂಪ್ ಮತ್ತು ಕ್ಯಾಬಿನೆಟ್ ಸಿಮ್ಯುಲೇಷನ್, ಅಂದ್ರೆ ಆ ಸ್ಪೀಕರಿನ ಗುಣವನ್ನ ಯೂನಿಟ್ಟೇ ನಕಲು ಮಾಡೋದು. ಎರಡನೇದು ಬ್ಯಾಟರಿಯಲ್ಲಿ ನಡೆಯಬೇಕು, ಕರೆಂಟು ಹೋದಾಗ ಪ್ರೀಸೆಟ್ ಹುಡುಕ್ತಾ ಕೂರೋಕೆ ಆಗಲ್ಲ. ಮೂರನೇದು ಹಾಸ್ಟೆಲ್ಲಿನಲ್ಲಿ ರಾತ್ರಿ ಪ್ರಾಕ್ಟೀಸ್ ಮಾಡೋಕೆ ಹೆಡ್‌ಫೋನ್ ಕಿಂಡಿ, ಪಕ್ಕದ ರೂಮಿನವನಿಗೂ ಇಂಟರ್ನಲ್ಸ್ ಇರ್ತವೆ. ಇಷ್ಟಿದ್ದರೆ ಸಾಕು. ಮಿಕ್ಕ ಅರವತ್ತು ಎಪ್ಪತ್ತು ಎಫೆಕ್ಟುಗಳಲ್ಲಿ ಒಂದು ಒಳ್ಳೇ ಓವರ್‌ಡ್ರೈವ್, ಒಂದು ಡಿಲೇ, ಒಂದು ರಿವರ್ಬ್, ಒಂದು ಕೋರಸ್, ಟ್ಯೂನರ್ ಇಷ್ಟನ್ನೇ ನಾವು ಮುಟ್ಟೋದು.

ಹೀಗೆ ನೋಡಿದಾಗ ಪಟ್ಟಿ ಚಿಕ್ಕದಾಯಿತು. ಜೂಮ್ ಜಿ1 ಫೋರ್ ಚಿಕ್ಕದು, ನಾಲ್ಕು ಪೆನ್ಸಿಲ್ ಸೆಲ್ಲಿನಲ್ಲಿ ನಡೆಯುತ್ತೆ, ಒಟ್ಟಿಗೆ ಐದು ಎಫೆಕ್ಟ್ ಹಾಕಬಹುದು. ಅದೇ ಎಕ್ಸ್ ಮಾಡೆಲ್ಲಿನಲ್ಲಿ ಕಾಲಲ್ಲಿ ಒತ್ತೋ ಎಕ್ಸ್‌ಪ್ರೆಷನ್ ಪೆಡಲ್ ಸೇರಿರುತ್ತೆ. ಬಾಸ್ ಜಿಟಿ-1ರಲ್ಲೂ ಪೆಡಲ್ ಇದೆ, ಸೆಲ್ಲಿನಲ್ಲೂ ನಡೆಯುತ್ತೆ, ಮೆನು ಒಳಗೆ ಹೋಗಿ ಹುಡುಕೋದು ಸ್ವಲ್ಪ ಜಾಸ್ತಿ. ಬಾಸ್ ಎಂಇ-80ರಲ್ಲಿ ಪ್ರತಿ ಎಫೆಕ್ಟಿಗೂ ಕಣ್ಣೆದುರೇ ತಿರುಗಿಸೋ ಗುಂಡಿಗಳು, ಮೆನು ಇಲ್ಲ, ಆದರೆ ಗಾತ್ರ ದೊಡ್ಡದು. ವೀರನಹೊಸಹಳ್ಳಿ ಹುಡುಗನ ವೋಟು ಎಂಇ-80ಗೆ. ಕತ್ತಲೆ ವೇದಿಕೆಯಲ್ಲಿ ಬಗ್ಗಿ ಸಣ್ಣ ಸ್ಕ್ರೀನ್ ಓದೋಕೆ ಆಗಲ್ಲ ಅನ್ನೋದು ಅವನ ವಾದ. ನಮ್ಮ ಬಹುಮತ ಬಸ್ಸಿನಲ್ಲಿ ಬ್ಯಾಗಿನ ಸೈಡ್ ಜೇಬಿಗೆ ಹೋಗೋ ಜಿ1 ಫೋರ್‌ಗೆ. ಹುಣಸೂರಿನಲ್ಲಿ ಬಸ್ ಬದಲಾಯಿಸೋವಾಗ ಅವನೇ ಗಿಟಾರ್ ಹೊರೋದು, ಹಾಗಾಗಿ ಅವನ ವೋಟಿಗೆ ಎರಡು ಬೆಲೆ ಕೊಡಬೇಕು ಅಂತ ಚರ್ಚೆ ಇನ್ನೂ ನಡೀತಿದೆ.

ಚೌಡಯ್ಯನವರ ಕಥೆಗೆ ವಾಪಸ್ ಬರೋಣ, ಯಾಕಂದ್ರೆ ಅಲ್ಲಿ ಒಂದು ವಿಚಿತ್ರ ತಿರುವಿದೆ. ಅವರು ಏಳು ತಂತಿ ಹಾಕಿದ ಕೆಲವೇ ವರ್ಷಗಳಲ್ಲಿ, ಮೂವತ್ತರ ದಶಕದಲ್ಲಿ, ಮೈಕು ಕಚೇರಿಗಳಿಗೆ ಬರೋಕೆ ಶುರುವಾಯಿತು. ನಿಧಾನವಾಗಿ ಎಲ್ಲ ಸಭೆಗಳಲ್ಲೂ ನಿಂತಿತು. ಅಷ್ಟು ಕಷ್ಟಪಟ್ಟು ಯಾವ ಸಮಸ್ಯೆ ಬಿಡಿಸಿದ್ದರೋ ಆ ಸಮಸ್ಯೆಯೇ ಮಾಯ. ನಾಲ್ಕು ತಂತಿಯವರೂ ಈಗ ಕೊನೇ ಸಾಲಿಗೆ ಕೇಳಿಸ್ತಾರೆ. ನಾವಾಗಿದ್ದರೆ ಮೂರು ತಂತಿ ಬಿಚ್ಚಿ ಆರಾಮಾಗಿ ಇರ್ತಿದ್ವಿ. ಅವರು ಬಿಚ್ಚಲಿಲ್ಲ, ಕೊನೇವರೆಗೂ ಏಳು ತಂತಿಯವರಾಗಿಯೇ ಉಳಿದರು. ಅಷ್ಟು ಹೊತ್ತಿಗೆ ಅದು ಬರೀ ಜೋರಿನ ವಿಷಯ ಆಗಿ ಉಳಿದಿರಲಿಲ್ಲ, ಆ ತುಂಬು ದನಿಯೇ ಚೌಡಯ್ಯ ಆಗಿತ್ತು. ಆದರೆ ಮುಂದಿನ ಪೀಳಿಗೆ ಆ ದಾರಿಯಲ್ಲಿ ಹೋಗಲಿಲ್ಲ ಅನ್ನೋದೂ ನಿಜ. ಇವತ್ತು ಕಚೇರಿಗೆ ಹೋದರೆ ಕಾಣೋದು ನಾಲ್ಕು ತಂತಿಯೇ, ಕೆಲವರ ಹತ್ತಿರ ಐದು. ಏಳನ್ನ ನಿಭಾಯಿಸೋ ಕಷ್ಟಕ್ಕೆ ಕಾರಣವನ್ನ ಮೈಕು ಕಿತ್ತುಕೊಂಡಿತ್ತು.

ಮಿಕ್ಕ ಜೀವನವನ್ನ ಬೇಗ ಹೇಳ್ತೀವಿ. ಮೈಸೂರು ಅರಮನೆಯ ಆಸ್ಥಾನ ವಿದ್ವಾಂಸರಾದರು. ಮೈಸೂರಿನಲ್ಲಿ ಅಯ್ಯನಾರ್ ಸಂಗೀತ ಕಾಲೇಜು ಸ್ಥಾಪಿಸಿ ಪಾಠ ಹೇಳಿದರು. ಸಿನಿಮಾ ಹುಚ್ಚೂ ಅವರನ್ನ ಬಿಡಲಿಲ್ಲ. 1943ರಲ್ಲಿ ಬಂದ ವಾಣಿ ಅನ್ನೋ ಕನ್ನಡ ಚಿತ್ರದಲ್ಲಿ ಅವರೇ ನಟಿಸಿದರು, ನಿರ್ದೇಶನ ಕೆ. ಹಿರಣ್ಣಯ್ಯನವರದು. ಪಂಡರಿಬಾಯಿಯವರ ಮೊದಲ ಚಿತ್ರ ಅದು. ಹನ್ನೊಂದು ವರ್ಷ ಆದ ಮೇಲೆ ಬೇಡರ ಕಣ್ಣಪ್ಪದಲ್ಲಿ ಅವರೇ ರಾಜ್‌ಕುಮಾರ್ ಎದುರು ನಾಯಕಿ ಆದದ್ದು. ಕಚೇರಿಯಲ್ಲಿ ದೇಶ ಸುತ್ತೋ ವಿದ್ವಾಂಸರು ಆ ಕಾಲದ ಕನ್ನಡ ಸಿನಿಮಾಗೆ ಕೈ ಹಾಕಿದ್ದು ಏಳು ತಂತಿ ಕಟ್ಟಿದಷ್ಟೇ ಧೈರ್ಯದ ಕೆಲಸ ಅಂತ ನಮ್ಮ ಅಭಿಪ್ರಾಯ.

1957 ಅವರ ವರ್ಷ. ಮದರಾಸಿನ ಮ್ಯೂಸಿಕ್ ಅಕಾಡೆಮಿಯ ಸಂಗೀತ ಕಲಾನಿಧಿಯೂ, ದೆಹಲಿಯ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿಯೂ ಅದೇ ವರ್ಷ ಬಂದವು. ಅದಕ್ಕಿಂತ ಹೆಚ್ಚಿನ ಗೌರವ ಕರ್ನಾಟಕ ಸಂಗೀತದವರಿಗೆ ಇಲ್ಲ ಅಂತಾರೆ. ಸಭೆಯಲ್ಲಿ ಪಕ್ಕಕ್ಕೆ ಕೂತುಕೊಳ್ಳೋ ವಾದ್ಯದವರಿಗೆ ಮಧ್ಯದ ಕುರ್ಚಿ. 1967ರ ಜನವರಿ 19ರಂದು, 72ನೇ ವಯಸ್ಸಿನಲ್ಲಿ ತೀರಿಕೊಂಡರು.

ಹದಿಮೂರು ವರ್ಷ ಆದ ಮೇಲೆ, 1980ರಲ್ಲಿ, ಕೆ.ಕೆ. ಮೂರ್ತಿಯವರ ಪ್ರಯತ್ನದಿಂದ ಆ ಪಿಟೀಲು ಆಕಾರದ ಸಭಾಂಗಣ ಎದ್ದಿತು. ತಂತಿ, ಕುದುರೆ, ಬಿರಡೆ, ಕಮಾನು ಎಲ್ಲವೂ ಕಟ್ಟಡದಲ್ಲೇ ಇವೆ. ಸಾವಿರಕ್ಕೂ ಹೆಚ್ಚು ಜನ ಕೂರಬಹುದು. ಸಿವಿಲ್‌ನವರು ಒಮ್ಮೆ ಹೋಗಿ ಹೊರಗಿನಿಂದ ನೋಡಿ ಬರಬೇಕು, ಅಂಥ ಬಾಗಿದ ಗೋಡೆಗೆ ಶಟರಿಂಗ್ ಹೇಗೆ ಕಟ್ಟಿರ್ತಾರೆ ಅಂತ ನಮಗೂ ಕುತೂಹಲ ಇದೆ. ಕೊನೇ ಸಾಲಿನಲ್ಲಿ ಕೂತರೂ ಎಲ್ಲ ಕೇಳುತ್ತೆ, ಮೈಕು ಇದೆ.

ಅವರು ನುಡಿಸಿದ್ದನ್ನ ಈಗಲೂ ಕೇಳಬಹುದು. ಹಳೇ ಗ್ರಾಮಫೋನ್ ತಟ್ಟೆಗಳಿಂದ, ಕಚೇರಿಯ ಟೇಪುಗಳಿಂದ ಇಳಿಸಿದ ಧ್ವನಿ ಇಂಟರ್ನೆಟ್ಟಿನಲ್ಲಿ ಸಿಗುತ್ತೆ. ಗ್ರಾಮಫೋನ್ ತಟ್ಟೆಯ ಒಂದು ಬದಿಗೆ ಮೂರು ನಿಮಿಷ ಚಿಲ್ಲರೆ ಅಷ್ಟೇ ಹಿಡಿಯೋದು, ಕೆಳಗಿನ ದನಿಯೂ ಸರಿಯಾಗಿ ಸಿಗಲ್ಲ, ಮೇಲಿನದೂ ಸಿಗಲ್ಲ, ಸರಸರ ಸದ್ದು ಬೇರೆ. ಎಲ್ಲಕ್ಕಿಂತ ಮುಖ್ಯವಾಗಿ, ಅದರಲ್ಲಿ ಜೋರು ಅನ್ನೋದು ಉಳಿಯೋದೇ ಇಲ್ಲ. ಪಿಸುಮಾತನ್ನೂ ಪಟಾಕಿಯನ್ನೂ ನಾವು ಒಂದೇ ವಾಲ್ಯೂಮಿನಲ್ಲಿ ಕೇಳ್ತೀವಿ. ಯಾವುದಕ್ಕೋಸ್ಕರ ಅವರು ಮೂರು ತಂತಿ ಕಟ್ಟಿದರೋ ಅದು ಮಾತ್ರ ರೆಕಾರ್ಡಿಂಗಿನಲ್ಲಿ ಸಿಗಲ್ಲ. ಆದರೂ ಹೆಡ್‌ಫೋನ್ ಹಾಕಿ, ಚೆಂಬೈಯವರು ಹಾಡಿ ನಿಲ್ಲಿಸಿದ ಮೇಲೆ ಪಿಟೀಲು ಶುರುವಾಗೋ ಜಾಗವನ್ನ ಗಮನವಿಟ್ಟು ಕೇಳಿ. ಒಂದು ದನಿಯ ಅಂಚಿನಲ್ಲಿ ಇನ್ನೊಂದು ದನಿ ಇರೋದು ಗೊತ್ತಾಗುತ್ತೆ. ನಾವು ಅದನ್ನ ಕೇಳಿದ್ದು ಹಾಸ್ಟೆಲ್ಲಿನ ಟೆರೇಸಿನಲ್ಲಿ, ನಾಲ್ಕು ಜನಕ್ಕೆ ಎರಡು ಇಯರ್‌ಫೋನ್ ಹಂಚಿಕೊಂಡು.